ಇಂಗ್ಲಿಷ್ ಶಬ್ದಕ್ಕೆ ಮನೆಯ ಅರ್ಥ

ದೀಪ ಹಚ್ಚುವ ಹೊತ್ತಿಗೆ ನಮ್ಮ ಊರುಗಳ ಅನೇಕ ಮನೆಗಳ ಪಡಸಾಲೆಯಲ್ಲಿ ಒಂದು ಪರಿಚಿತ ಧ್ವನಿ ಕೇಳಿಬರುತ್ತದೆ. ನಾಲ್ಕನೆಯದೋ ಐದನೆಯದೋ ತರಗತಿಯಲ್ಲಿ ಓದುವ ಬಾಲಕನೊಬ್ಬ ವಹಿಯನ್ನು ತೊಡೆಯ ಮೇಲಿಟ್ಟುಕೊಂಡು, 'ಬ್ರ್ಯಾಂಚ್ ಅಂದರೆ ಶಾಖೆ, ಏನ್ಶಂಟ್ ಅಂದರೆ ಪ್ರಾಚೀನ, ಎಫರ್ಟ್ ಅಂದರೆ ಪ್ರಯತ್ನ' ಎಂದು ಮೈ ತೂಗುತ್ತ ಬಾಯಿಪಾಠ ಮಾಡುತ್ತಿರುತ್ತಾನೆ. ಕೇಳುವ ಹಿರಿಯರಿಗೆ ಹುಡುಗ ಇಂಗ್ಲಿಷ್ ಕಲಿಯುತ್ತಿದ್ದಾನೆಂಬ ಸಮಾಧಾನ. ಆದರೆ ಒಮ್ಮೆ ಅವನನ್ನು ಹತ್ತಿರ ಕರೆದು, 'ಶಾಖೆ ಅಂದರೇನಪ್ಪ?' ಎಂದು ಕೇಳಿ ನೋಡಬೇಕು. ಬಹಳಷ್ಟು ಮಕ್ಕಳು ಉತ್ತರ ತೋಚದೆ ಸುಮ್ಮನಾಗುತ್ತಾರೆ. ಅಂಗಳದ ಬೇವಿನ ಮರದ ಟೊಂಗೆಗೆ ಜೋಕಾಲಿ ಕಟ್ಟಿ ಆಡಿದ ಹುಡುಗನಿಗೆ ಟೊಂಗೆ ಗೊತ್ತು, ಶಾಖೆ ಗೊತ್ತಿಲ್ಲ. ತಿಳಿಯದ ಒಂದು ಇಂಗ್ಲಿಷ್ ಶಬ್ದದ ಪಕ್ಕದಲ್ಲಿ ತಿಳಿಯದ ಒಂದು ಸಂಸ್ಕೃತ ಶಬ್ದವನ್ನು ಕೂಡಿಸಿಕೊಂಡು ಅವನು ಪರೀಕ್ಷೆಗೆ ಸಿದ್ಧನಾಗಿರುತ್ತಾನೆ. ಅರ್ಥ ಮಾತ್ರ ಇವೆರಡರ ನಡುವೆ ಎಲ್ಲಿಯೋ ಜಾರಿ ಹೋಗಿರುತ್ತದೆ.

ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ ೨೦೦೭-೦೮ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುವ ವ್ಯವಸ್ಥೆ ಬಂದಿತು. ಹೀಗಾಗಿ ಈ ಪ್ರಶ್ನೆ ಪೇಟೆಯ ಕೆಲವು ಮನೆಗಳಿಗಷ್ಟೇ ಸಂಬಂಧಿಸಿದ್ದಾಗಿ ಉಳಿದಿಲ್ಲ. ಹಳ್ಳಿಯ ಪ್ರತಿಯೊಂದು ಒಲೆಯ ಮುಂದೆಯೂ ಬಂದು ಕುಳಿತಿದೆ. ಮಗು ಪುಸ್ತಕ ಹಿಡಿದು ತಾಯಿಯ ಬಳಿಗೆ ಬಂದಾಗ ಆಕೆ ಸಂಕೋಚದಿಂದ ಹೇಳುವ ಮಾತು ಒಂದೇ: 'ನನಗ ಇಂಗ್ಲಿಷ್ ಬರೂದಿಲ್ಲಪಾ, ಟ್ಯೂಶನ್ ಅಕ್ಕೋರನ್ನ ಕೇಳು.' ಅಜ್ಜಿಯಂತೂ ಆ ಪುಸ್ತಕವನ್ನು ಮುಟ್ಟುವುದೇ ಇಲ್ಲ. ಕಥೆ ಹೇಳಿ, ಒಗಟು ಬಿಡಿಸಿ, ಎಣಿಕೆ ಕಲಿಸಿದ ಆ ಹಿರಿಯ ಜೀವ ಮೊಮ್ಮಗನ ಓದಿನಿಂದ ತಾನಾಗಿ ದೂರ ಸರಿಯುತ್ತದೆ. ಈ ದೂರ ಅನಾವಶ್ಯಕವಾದುದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ಶಬ್ದವನ್ನು ಕಲಿಸುವುದರಲ್ಲಿ ಅದರ ಕಾಗುಣಿತ, ಉಚ್ಚಾರಗಳು ಅರ್ಧ ಭಾಗ. ಅವನ್ನು ಶಾಲೆ ಕಲಿಸಲಿ. ಉಳಿದ ಅರ್ಧ ಅದರ ಅರ್ಥ. ಆ ಅರ್ಥವಿರುವ ಜಾಗ ಅಡುಗೆಮನೆ, ಕೊಟ್ಟಿಗೆ, ಸಂತೆ, ಹೊಲ. ಅಲ್ಲಿಯ ಒಡೆತನ ತಾಯಿಯದು, ಅಜ್ಜಿಯದು.

ಕಠಿಣವನ್ನು ಸುಲಭದಿಂದ ವಿವರಿಸುವುದು

ನಿಘಂಟು ರಚಿಸಿದ ಮಹನೀಯರು ಕೂಡ ಈ ತೊಡಕಿನಿಂದ ತಪ್ಪಿಸಿಕೊಂಡವರಲ್ಲ. ಇಂಗ್ಲಿಷಿನ ಪ್ರಸಿದ್ಧ ನಿಘಂಟುಕಾರ ಸ್ಯಾಮ್ಯುಅಲ್ ಜಾನ್ಸನ್ ೧೭೫೫ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದಲ್ಲಿ 'ನೆಟ್‌ವರ್ಕ್' ಎಂಬ ಸರಳ ಶಬ್ದಕ್ಕೆ ಎಂಥ ವಿವರಣೆ ಕೊಟ್ಟನೆಂದರೆ, ಬಲೆಯನ್ನು ಬಲ್ಲವನಿಗೂ ಅದನ್ನೋದಿದ ಮೇಲೆ ಬಲೆ ಯಾವುದೆಂಬ ಸಂಶಯ ಬರಬೇಕು! ಪಂಡಿತರು ಅದನ್ನು ನೆನೆದು ಇಂದಿಗೂ ನಗುತ್ತಾರೆ. ನಮ್ಮಲ್ಲಿ ಹದಿನಾರನೆಯ ಶತಮಾನದ ಲಿಂಗಮಂತ್ರಿ 'ಕಬ್ಬಿಗರ ಕೈಪಿಡಿ'ಯನ್ನು ರಚಿಸಿದ್ದು ಹಳಗನ್ನಡದ ಶಬ್ದಗಳು ಓದುಗರಿಗೆ ದೂರವಾಗುತ್ತಿದ್ದುದರಿಂದಲೇ. ದೂರದ ಶಬ್ದವನ್ನು ಹತ್ತಿರದ ಶಬ್ದದಿಂದ ತಿಳಿಸುವ ಪರಿಪಾಠ ಕನ್ನಡಕ್ಕೆ ಹೊಸದಲ್ಲ.

ಶಾಲೆಯ ಮಕ್ಕಳಿಗಾಗಿ ಈ ಪರಿಪಾಠವನ್ನು ಒಂದು ಶಾಸ್ತ್ರದ ಮಟ್ಟಕ್ಕೆ ಏರಿಸಿದ ಕೆಲಸ ನಡೆದದ್ದು ನಮ್ಮ ಉಪಖಂಡದಲ್ಲಿಯೇ. ಅಂದಿನ ಬಂಗಾಲ ಪ್ರಾಂತದ ಢಾಕಾ ಪಟ್ಟಣದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಚಾರ್ಯನಾಗಿದ್ದ ಮೈಕೆಲ್ ವೆಸ್ಟ್ ಎಂಬಾತ ಬಂಗಾಲಿ ಹುಡುಗರ ಇಂಗ್ಲಿಷ್ ಪುಸ್ತಕಗಳನ್ನು ಪರಿಶೀಲಿಸಿದ. ದಿನಬಳಕೆಯಲ್ಲಿ ಎಂದೂ ಬಾರದ ಹಳೆಯ ಕಾವ್ಯದ ಶಬ್ದಗಳಿಂದ ಅವು ತುಂಬಿದ್ದವು. ಪುಟಕ್ಕೆ ಹತ್ತಾರು ಹೊಸ ಶಬ್ದ ಎದುರಾದರೆ ಮಗು ಓದುವುದೆಂತು? ಆತ ಅಪರೂಪದ ಶಬ್ದಗಳನ್ನು ತೆಗೆದು, ಬಳಕೆಯ ಶಬ್ದಗಳನ್ನಿಟ್ಟು, ಹೊಸ ಶಬ್ದಗಳನ್ನು ಸಾವಕಾಶವಾಗಿ ಒಂದೊಂದಾಗಿ ಪರಿಚಯಿಸುವ ವಾಚನ ಪುಸ್ತಕಗಳನ್ನು ಸಿದ್ಧಪಡಿಸಿದ. ೧೯೩೫ರಲ್ಲಿ ಅವನೂ ಎಂಡಿಕಾಟ್ ಎಂಬವನೂ ಕೂಡಿ ಹೊರತಂದ ನಿಘಂಟಿನಲ್ಲಿ ಸುಮಾರು ೨೪,೦೦೦ ಶಬ್ದ ಮತ್ತು ನುಡಿಗಟ್ಟುಗಳಿಗೆ ಅರ್ಥ ಹೇಳಲು ಬಳಸಿದ್ದು ೧,೪೯೦ ಸರಳ ಶಬ್ದಗಳನ್ನು ಮಾತ್ರ. ಅಷ್ಟನ್ನು ಕಲಿತ ಮಗು ಉಳಿದುದನ್ನೆಲ್ಲ ತಾನೇ ಓದಿ ತಿಳಿಯಬಹುದಾಗಿತ್ತು. ಇಂದು ಮಕ್ಕಳಿಗಾಗಿ ಬರುವ ಬಹುತೇಕ ಒಳ್ಳೆಯ ಇಂಗ್ಲಿಷ್ ನಿಘಂಟುಗಳು ಇದೇ ದಾರಿಯನ್ನು ಹಿಡಿದಿವೆ.

ಈ ನಿಯಮವನ್ನು ಮನೆಗೆ ತಂದುಕೊಂಡರೆ ತಾಯಿಯ ಕೆಲಸ ಹಗುರಾಗುತ್ತದೆ. 'ಬ್ರ್ಯಾಂಚ್' ಎಂದರೆ ಟೊಂಗೆ. ಮೊದಲು ಅದು ಕಣ್ಣಿಗೆ ಕಾಣಲಿ. ಆಮೇಲೆ, ಒಂದೇ ಮರಕ್ಕೆ ಅನೇಕ ಟೊಂಗೆಗಳಿರುವಂತೆ ಒಂದೇ ಬ್ಯಾಂಕಿಗೆ ಊರೂರಲ್ಲಿ ಕಚೇರಿಗಳಿರುತ್ತವೆ, ಅವಕ್ಕೂ 'ಬ್ರ್ಯಾಂಚ್' ಎನ್ನುತ್ತಾರೆ, ಅದನ್ನೇ ಫಲಕದ ಮೇಲೆ 'ಶಾಖೆ' ಎಂದು ಬರೆದಿರುತ್ತಾರೆ ಎಂದು ಹೇಳಿದರೆ ಇಂಗ್ಲಿಷ್ ಶಬ್ದದ ಜೊತೆಗೆ ಸಂಸ್ಕೃತ ಶಬ್ದವೂ ಮಗುವಿನ ಸ್ವತ್ತಾಗುತ್ತದೆ. 'ಎಫರ್ಟ್'ಗೆ ಪ್ರಯತ್ನವೆಂದು ಹೇಳುವ ಮುಂಚೆ, ಬಾವಿಯಿಂದ ತುಂಬಿದ ಕೊಡ ಎಳೆಯುವಾಗ ತೋಳಿಗೆ ಬೀಳುವ ಜಗ್ಗನ್ನು ನೆನಪಿಸಬಹುದು.

ಹೇರು ತುಂಬಿದ ಚಕ್ಕಡಿ

ಒಂದು ಶಬ್ದವನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ. 'ಚಾರ್ಜ್' ಎಂಬುದು ಇಂದು ಕನ್ನಡ ಮಾತಾಡುವ ಎಲ್ಲರ ಬಾಯಲ್ಲಿಯೂ ಇದೆ. ಮೊಬೈಲಿಗೆ ಚಾರ್ಜ್ ಹಾಕುತ್ತೇವೆ. ಬಸ್ ಚಾರ್ಜ್ ಹೆಚ್ಚಾಯಿತೆಂದು ಗೊಣಗುತ್ತೇವೆ. ಹೊಸ ತಹಶೀಲ್ದಾರರು ಚಾರ್ಜ್ ತೆಗೆದುಕೊಂಡರೆಂದು ಕೇಳುತ್ತೇವೆ. ಪೊಲೀಸರು ಚಾರ್ಜ್‌ಶೀಟ್ ಹಾಕಿದರೆಂದೂ ಲಾಠಿ ಚಾರ್ಜ್ ಮಾಡಿದರೆಂದೂ ಪತ್ರಿಕೆಯಲ್ಲಿ ಓದುತ್ತೇವೆ. ಮಗುವಿನ ಶಬ್ದಾರ್ಥದ ವಹಿಯಲ್ಲಿ ಮಾತ್ರ ಇದಕ್ಕೆ 'ಆರೋಪ' ಎಂಬ ಒಂದೇ ಅರ್ಥ ಬರೆದಿರುತ್ತದೆ. ಮೊಬೈಲಿನ ಮೇಲೆ ಆರೋಪವೆಲ್ಲಿಂದ ಬಂದಿತು ಎಂದು ಮಗು ಕೇಳುವುದಿಲ್ಲ, ಏಕೆಂದರೆ ವಹಿಗೂ ಬದುಕಿಗೂ ಸಂಬಂಧವಿದೆಯೆಂದು ಅದಕ್ಕೆ ಯಾರೂ ಹೇಳಿಲ್ಲ.

ಈ ಶಬ್ದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ 'ಕಾರ್ರುಸ್' ಎಂದರೆ ಗಾಡಿ. ಗಾಡಿಗೆ ಸಾಮಾನು ಹೇರುವುದಕ್ಕೆ ಅದರಿಂದಲೇ ಒಂದು ಕ್ರಿಯಾಪದ ಹುಟ್ಟಿತು. ಅದು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು 'ಚಾರ್ಜ್' ಆಯಿತು. ನಾವು ಓಡಿಸುವ 'ಕಾರು' ಕೂಡ ಇದೇ ಮನೆತನದ್ದು. ಅಂದಮೇಲೆ 'ಚಾರ್ಜ್' ಎಂದರೆ ಮೂಲದಲ್ಲಿ ಹೇರು, ಭಾರ ಹೊರಿಸುವುದು. ಈಗ ಕನ್ನಡದ ಕಡೆಗೆ ತಿರುಗಿರಿ. ನಾವು ಸರಕಾರ ಕರ ಹೇರಿತು ಎನ್ನುತ್ತೇವೆ, ಅವನ ಮೇಲೆ ಆರೋಪ ಹೊರಿಸಿದರು ಎನ್ನುತ್ತೇವೆ, ಆತ ಜವಾಬ್ದಾರಿ ಹೊತ್ತುಕೊಂಡ ಎನ್ನುತ್ತೇವೆ. ಹಣದ ಭಾರ, ತಪ್ಪಿನ ಭಾರ, ಕೆಲಸದ ಭಾರ. ಇಂಗ್ಲಿಷರು ಗಾಡಿಯಿಂದ ಪಡೆದ ಮೂರು ಅರ್ಥಗಳನ್ನೂ ನಮ್ಮ ಹಿರಿಯರು ಹೊರೆಯಿಂದ ಪಡೆದಿದ್ದಾರೆ. ಬಂದೂಕಿಗೆ ಮದ್ದು ತುಂಬುವುದೂ ಹಿಂದೆ 'ಚಾರ್ಜ್' ಆಗಿತ್ತು, ಬ್ಯಾಟರಿಗೆ ವಿದ್ಯುತ್ತು ತುಂಬುವುದು ಅದರ ಮುಂದಿನ ಮಾತು. ಸುಗ್ಗಿಯ ಕಾಲದಲ್ಲಿ ಜೋಳದ ಚೀಲಗಳನ್ನು ಚಕ್ಕಡಿಗೆ ಹೇರುವುದನ್ನು ಕಂಡ ಅಜ್ಜ ಇದನ್ನು ಮೊಮ್ಮಗಳಿಗೆ ಹೇಳಿದರೆ, ಐದು ಅರ್ಥಗಳು ಒಂದೇ ಹಗ್ಗಕ್ಕೆ ಕಟ್ಟಿದಂತೆ ಅವಳ ನೆನಪಿನಲ್ಲಿ ಉಳಿಯುತ್ತವೆ. ಅಜ್ಜನಿಗೆ ಲ್ಯಾಟಿನ್ ಬರಬೇಕಾಗಿಲ್ಲ.

ಒಂದು ಶಬ್ದಕ್ಕೆ ಒಂದೇ ಅರ್ಥವೆಂಬ ನಂಬಿಕೆಯಿಂದ ಮಕ್ಕಳಿಗಾಗುವ ತೊಂದರೆ ಸಣ್ಣ ಶಬ್ದಗಳಲ್ಲಿಯೇ ಹೆಚ್ಚು. ದೊಡ್ಡ ಶಬ್ದಗಳು ಹೇಗೂ ಒಂದೆರಡು ಅರ್ಥಗಳಲ್ಲಿ ನಿಲ್ಲುತ್ತವೆ. 'ಗೆಟ್', 'ಪುಟ್', 'ಟೇಕ್', 'ರನ್' ಇವು ಹಾಗಲ್ಲ. ಆಕ್ಸ್‌ಫರ್ಡ್ ಮಹಾನಿಘಂಟಿನ ಸಂಪಾದಕರು 'ರನ್' ಎಂಬ ಕ್ರಿಯಾಪದವನ್ನು ಹೊಸದಾಗಿ ಪರಿಷ್ಕರಿಸಿದಾಗ ಅದರ ಅರ್ಥಭೇದಗಳು ೬೦೦ನ್ನೂ ಮೀರಿದುವೆಂದು ೨೦೧೧ರಲ್ಲಿ ಸುದ್ದಿಯಾಗಿತ್ತು. ಮನುಷ್ಯ ಓಡುತ್ತಾನೆ, ನಲ್ಲಿಯಲ್ಲಿ ನೀರು ಓಡುತ್ತದೆ, ಅಂಗಡಿಯೂ ಓಡುತ್ತದೆ. ಇದನ್ನು ಕೇಳಿ ಪಾಲಕರು ಗಾಬರಿಪಡಬೇಕಾಗಿಲ್ಲ. ನಮ್ಮ 'ಹಾಕು' ಎಂಬ ಶಬ್ದವನ್ನೇ ನೋಡಿರಿ. ಬಾಗಿಲು ಹಾಕು, ಅಂಗಿ ಹಾಕು, ಲೈಟು ಹಾಕು, ಸಹಿ ಹಾಕು, ಲೆಕ್ಕ ಹಾಕು, ಕೋಳಿ ಮೊಟ್ಟೆ ಹಾಕಿತು, ಎಮ್ಮೆ ಕರು ಹಾಕಿತು, ಬಂದವರಿಗೆ ಊಟ ಹಾಕಿದರು. ಇಂಗ್ಲಿಷರ ಮಗುವೊಂದು ಕನ್ನಡ ಕಲಿಯಲು ಬಂದರೆ ಇದೊಂದೇ ಶಬ್ದಕ್ಕೆ ಎಷ್ಟು ಕಣ್ಣೀರು ಹಾಕಬೇಕಾದೀತು! ನಮ್ಮ ಮಗು ಇವೆಲ್ಲವನ್ನೂ ಮೂರು ವರುಷದೊಳಗೆ ಯಾವ ವಹಿಯೂ ಇಲ್ಲದೆ ಕಲಿತಿದೆ. ಬಾಗಿಲಿನ ಜೊತೆಗೆ ಕೇಳಿತು, ಅಂಗಿಯ ಜೊತೆಗೆ ಕೇಳಿತು, ಅಷ್ಟೆ. ಇಂಗ್ಲಿಷಿನ ಸಣ್ಣ ಕ್ರಿಯಾಪದಗಳನ್ನೂ ಹೀಗೆ ಜೊತೆ ಕೂಡಿಸಿಯೇ ಕಲಿಸಬೇಕು. 'ಪುಟ್' ಎಂದು ಬಿಡಿಯಾಗಿ ಬರೆಸುವುದರ ಬದಲು 'ಪುಟ್ ಆನ್ ಯುವರ್ ಶರ್ಟ್' ಎಂದು ಅಂಗಿ ಕೈಗೆ ಕೊಟ್ಟು ಹೇಳಿಸಿದರೆ ಒಂದೇ ದಿನದ ಕೆಲಸ.

ಕೇಳುವುದು, ನೋಡುವುದು

ಎರಡು ಭಾಷೆಗಳು ಲೋಕವನ್ನು ಒಂದೇ ಕಡೆಯಲ್ಲಿ ಕೊಯ್ದು ಪಾಲು ಮಾಡುವುದಿಲ್ಲ. ಇದು ಗೊತ್ತಿಲ್ಲದ್ದರಿಂದ ಮಕ್ಕಳು ಪದೇ ಪದೇ ಒಂದೇ ಬಗೆಯ ತಪ್ಪು ಮಾಡುತ್ತಾರೆ, ಗುರುಗಳು ಪದೇ ಪದೇ ಕೆಂಪು ಶಾಯಿಯಲ್ಲಿ ತಿದ್ದುತ್ತಾರೆ. 'ಗುರುಗಳನ್ನು ಕೇಳು' ಎಂದರೆ ಕನ್ನಡದಲ್ಲಿ ಪ್ರಶ್ನಿಸು ಎಂದಾಗುತ್ತದೆ. 'ಗುರುಗಳ ಮಾತು ಕೇಳು' ಎಂದರೆ ಕಿವಿಗೊಡು ಎಂದಾಗುತ್ತದೆ. ಇಂಗ್ಲಿಷಿನಲ್ಲಿ ಮೊದಲನೆಯದು 'ಆಸ್ಕ್', ಎರಡನೆಯದು 'ಲಿಸನ್'. ಮೇಲಾಗಿ 'ಹಿಯರ್' ಎಂಬ ಮೂರನೆಯದೊಂದಿದೆ. ಮೂರಕ್ಕೂ ಎದುರಿಗೆ 'ಕೇಳು' ಎಂದು ಬರೆದುಕೊಂಡ ಮಗು ಯಾವುದನ್ನು ಎಲ್ಲಿ ಬಳಸಬೇಕು? ಇಲ್ಲಿ ತಾಯಿ ಕನ್ನಡದ ಇನ್ನೊಂದು ರೂಪವನ್ನು ಕೈಗೆತ್ತಿಕೊಳ್ಳಬೇಕು. ದೂರದ ಗುಡುಗು ತಾನಾಗಿ ಕೇಳಿಸುತ್ತದೆ, ಅದು 'ಹಿಯರ್'. ಅಜ್ಜಿಯ ಕಥೆಯನ್ನು ಮನಸ್ಸಿಟ್ಟು ಕೇಳುತ್ತೇವೆ, ಅದು 'ಲಿಸನ್'. 'ಕೇಳಿಸು', 'ಕೇಳು' ಎಂಬ ಭೇದ ನಮ್ಮಲ್ಲಿಯೂ ಇದೆ.

ಕಣ್ಣಿನ ವಿಷಯದಲ್ಲಿಯೂ ಹೀಗೆಯೇ. 'ಎಲ್ಲಾ ಕಡೆ ನೋಡಿದೆ, ಎಲ್ಲಿಯೂ ಕಾಣಲಿಲ್ಲ' ಎಂದು ಕಳೆದ ಪೆನ್ಸಿಲ್ ಹುಡುಕುವ ಮಗು ಹೇಳುತ್ತದೆ. ನೋಡುವುದು 'ಲುಕ್', ಕಾಣುವುದು 'ಸೀ'. ಕನ್ನಡ ಬಲ್ಲ ಮಗುವಿಗೆ ಈ ವ್ಯತ್ಯಾಸ ಹುಟ್ಟಿನಿಂದ ಬಂದಿದೆ. ವ್ಯಾಕರಣದ ಪುಟಗಳನ್ನು ಹೊರಿಸುವುದಕ್ಕಿಂತ ಈ ಒಂದು ವಾಕ್ಯವನ್ನು ನೆನಪಿಸುವುದು ಲೇಸು. ಸಾಲದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಪಕ್ಕದ ಮನೆಯಿಂದ ಒಂದು ಬಟ್ಟಲು ಸಕ್ಕರೆಯನ್ನು ಕಡ ತಂದರೆ 'ಬಾರೋ', ನಾವೇ ಕೊಟ್ಟರೆ 'ಲೆಂಡ್'. ಸಕ್ಕರೆ ಯಾವ ಕಡೆಗೆ ಹೊರಟಿತೆಂಬುದರ ಮೇಲೆ ಶಬ್ದ ಬದಲಾಗುತ್ತದೆ. ದೊಡ್ಡವರೂ ಇಲ್ಲಿ ಎಡವುತ್ತಾರೆ.

ಇಂಗ್ಲಿಷೇ ಬಡವಾಗುವ ಜಾಗಗಳನ್ನೂ ಮಕ್ಕಳಿಗೆ ತೋರಿಸಬೇಕು. ಭತ್ತಕ್ಕೆ ಅವರು 'ಪ್ಯಾಡಿ' ಎಂಬ ಶಬ್ದವನ್ನು ಮಲಯ ಭಾಷೆಯಿಂದ ತಂದುಕೊಂಡರು. ಅಕ್ಕಿಗೂ ಅನ್ನಕ್ಕೂ 'ರೈಸ್' ಒಂದೇ. ದೊಡ್ಡಪ್ಪ, ಕಾಕಾ, ಸೋದರಮಾವ ಎಲ್ಲರೂ 'ಅಂಕಲ್'. ಅಣ್ಣನೂ ತಮ್ಮನೂ 'ಬ್ರದರ್'. ನಾಡಿದ್ದು ಎಂಬ ಒಂದು ಮಾತಿಗೆ ಅವರು ನಾಲ್ಕು ಶಬ್ದಗಳನ್ನು ಪೋಣಿಸಬೇಕು. 'ಹೋಗಿ ಬರುತ್ತೇನೆ' ಎಂದು ಹೊಸ್ತಿಲಲ್ಲಿ ನಿಂತು ಹೇಳುವ ಮಾತನ್ನು ಇದ್ದಕ್ಕಿದ್ದ ಹಾಗೆ ಇಂಗ್ಲಿಷಿಗೆ ತಿರುಗಿಸಿದರೆ ಕೇಳಿದವನು, ಇವನು ಮತ್ತೆ ಯಾವಾಗ ಬರುವನೆಂದು ಕಾಯುತ್ತ ಕೂಡಬೇಕಾದೀತು. ದಾಸೋಹವನ್ನು ಅಲ್ಲಿಯ ಒಂದು ಶಬ್ದದಲ್ಲಿ ಹೇಳಲು ಹೋಗಿ ಯಾರೂ ಗೆದ್ದಿಲ್ಲ. ಅಂಥದನ್ನು ಹಾಗೆಯೇ ಇಟ್ಟು ವಿವರಿಸುವುದು ಸರಿಯಾದ ಕ್ರಮ. ಇವನ್ನೆಲ್ಲ ತಿಳಿದ ಮಗು ಇಂಗ್ಲಿಷಿನ ಎದುರು ಕುಗ್ಗಿ ನಿಲ್ಲುವುದಿಲ್ಲ, ಕನ್ನಡವನ್ನು ಬಡಭಾಷೆಯೆಂದು ಎಣಿಸುವುದೂ ಇಲ್ಲ.

ಅಜ್ಜಿಗೆ ಬರುವ ಇಂಗ್ಲಿಷ್

ಇಂಗ್ಲಿಷ್ ಬಾರದೆನ್ನುವ ಅಜ್ಜಿಯ ಮಾತನ್ನು ಒಂದು ದಿನ ಗಮನವಿಟ್ಟು ಕೇಳಿದರೆ ಆಶ್ಚರ್ಯವಾಗುತ್ತದೆ. ಬಸ್ಸು, ಟಿಕೀಟು, ಪಾಸ್‌ಬುಕ್, ಲೋನು, ಸೊಸೈಟಿ, ಗ್ಯಾಸು, ಬಿಲ್ಲು, ಕರೆಂಟು ಎಲ್ಲವೂ ಅಲ್ಲಿವೆ. ಮಗುವಿನ ಮೊದಲ ಶಬ್ದಕೋಶ ಇದೇ ಆಗಬಾರದೇಕೆ? 'ಕರೆಂಟ್ ಹೋಯಿತು' ಎಂಬಲ್ಲಿಂದ ಹೊರಟು, 'ಕರೆಂಟ್' ಎಂದರೆ ಮೂಲದಲ್ಲಿ ಹರಿವು, ಮಳೆಗಾಲದಲ್ಲಿ ಹೊಳೆಗೆ ಬರುವ ಸೆಳವು, ತಂತಿಯಲ್ಲಿ ಹರಿಯುವುದೂ ಅಂಥ ಸೆಳವೇ ಎಂದು ಹೇಳಿದರೆ ವಿಜ್ಞಾನದ ಒಂದು ಪಾಠವೇ ಮುಗಿದಂತೆ. ಕೆಲವು ಶಬ್ದಗಳು ನಮ್ಮಲ್ಲಿಗೆ ಬಂದು ಅರ್ಥ ಬದಲಿಸಿಕೊಂಡಿವೆ ಎಂಬುದನ್ನೂ ಕೂಡಿಯೇ ಹೇಳಬೇಕು. ನಮ್ಮ 'ಹೋಟೆಲ್' ಉಪಾಹಾರದ ಜಾಗ. ಇಂಗ್ಲಿಷರದು ರಾತ್ರಿ ತಂಗುವ ಜಾಗ. ನಮ್ಮಲ್ಲಿ 'ಸೀರಿಯಸ್ ಆಗಿದ್ದಾರೆ' ಎಂದರೆ ಮನೆಮಂದಿಯೆಲ್ಲ ದವಾಖಾನೆಗೆ ಓಡುತ್ತಾರೆ. ಅಲ್ಲಿ ನಗದೆ ಕುಳಿತವನೂ ಸೀರಿಯಸ್ಸೇ.

ಈಗ ಮೊಬೈಲಿನಲ್ಲಿ ಶಬ್ದವನ್ನೊತ್ತಿದರೆ ಕ್ಷಣದಲ್ಲಿ ಕನ್ನಡದ ಅರ್ಥ ಬರುತ್ತದೆ. ಅನುಕೂಲವೇನೋ ನಿಜ. ಆದರೆ ಬಿಡಿ ಶಬ್ದವನ್ನು ಕೊಟ್ಟರೆ ಅದು ಬಹುಮಟ್ಟಿಗೆ ವಹಿಯಲ್ಲಿರುವಂತಹ 'ಶಾಖೆ', 'ಪ್ರಾಚೀನ'ಗಳನ್ನೇ ಮರಳಿ ಕೊಡುತ್ತದೆ. ಸಾಧ್ಯವಿದ್ದ ಮನೆಯಲ್ಲಿ ಕಲಿಯುವವರಿಗಾಗಿಯೇ ರಚಿತವಾದ ಒಂದು ನಿಘಂಟು ಇರುವುದು ಒಳ್ಳೆಯದು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಹಾರ್ನ್‌ಬಿ ಎಂಬ ಶಿಕ್ಷಕ ಮತ್ತು ಅವನ ಇಬ್ಬರು ಸಂಗಡಿಗರು ಸಿದ್ಧಪಡಿಸಿ ೧೯೪೨ರಲ್ಲಿ ಅಲ್ಲಿಯೇ ಅಚ್ಚಾದ ನಿಘಂಟು ಮುಂದೆ ಆಕ್ಸ್‌ಫರ್ಡಿನಿಂದ ಪ್ರಕಟವಾಗಿ ನಮ್ಮ ದೇಶದ ವಿದ್ಯಾರ್ಥಿಗಳ ಕೈಗೂ ಬಂದಿತು. ೧೯೮೭ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ಸಿಂಕ್ಲೇರ್ ನೇತೃತ್ವದಲ್ಲಿ ಹೊರಬಂದ 'ಕೋಬಿಲ್ಡ್' ನಿಘಂಟಿನ ರೀತಿ ಇನ್ನೂ ಹೃದ್ಯವಾದುದು. ಅದರಲ್ಲಿ ಅರ್ಥವನ್ನು ತುಂಡು ಶಬ್ದಗಳಲ್ಲಿ ಹೇಳದೆ, ನೀವು ಹೀಗೆ ಮಾಡಿದಾಗ ಹೀಗಾಗುತ್ತದೆ ಎಂದು ಪೂರ್ಣ ವಾಕ್ಯದಲ್ಲಿ ಎದುರು ಕುಳಿತವರಿಗೆ ಹೇಳಿದಂತೆ ಹೇಳುತ್ತಾರೆ. ಅಜ್ಜಿಯಂದಿರು ಇದನ್ನು ಯಾವಾಗಿನಿಂದಲೋ ಮಾಡುತ್ತ ಬಂದಿದ್ದಾರೆ. 'ಹುಣಿಸೆಕಾಯಿ ಕಚ್ಚಿದಾಗ ಮುಖ ಕಿವುಚುತ್ತೀಯಲ್ಲ, ಅದೇ ಹುಳಿ.' 'ಸೌರ್' ಎಂಬ ಶಬ್ದಕ್ಕೆ ಇದಕ್ಕಿಂತ ಒಳ್ಳೆಯ ಅರ್ಥವನ್ನು ಯಾವ ನಿಘಂಟೂ ಕೊಡಲಾರದು. ಕನ್ನಡದ ಕಡೆಯಿಂದ ನೋಡುವವರು ಫರ್ಡಿನಂಡ್ ಕಿಟ್ಟೆಲ್ ೧೮೯೪ರಲ್ಲಿ ಮಂಗಳೂರಿನಿಂದ ಪ್ರಕಟಿಸಿದ ಕನ್ನಡ-ಇಂಗ್ಲಿಷ್ ನಿಘಂಟನ್ನು ಗ್ರಂಥಾಲಯದಲ್ಲಾದರೂ ಒಮ್ಮೆ ತೆರೆಯಬೇಕು. ಶಬ್ದದ ಜೊತೆಗೆ ಜನರ ಆಡುಮಾತನ್ನೂ ಗಾದೆಗಳನ್ನೂ ಆ ಮಹನೀಯ ಹೇಗೆ ಕೂಡಿಸಿದ್ದಾನೆಂಬುದು ಕಾಣುತ್ತದೆ. ೨೦೨೧ರಲ್ಲಿ ತಮ್ಮ ೧೦೭ನೆಯ ವಯಸ್ಸಿನಲ್ಲಿ ತೀರಿಕೊಂಡ ಪ್ರೊ. ಜಿ. ವೆಂಕಟಸುಬ್ಬಯ್ಯನವರು 'ಇಗೋ ಕನ್ನಡ' ಅಂಕಣದಲ್ಲಿ ಓದುಗರ ಶಬ್ದಸಂಶಯಗಳನ್ನು ತಾಳ್ಮೆಯಿಂದ ಬಿಡಿಸಿದ ಬಗೆಯೂ ಪಾಲಕರಿಗೆ ಮಾದರಿ.

ಕಥೆಯುಳ್ಳ ಶಬ್ದಗಳನ್ನು ಊಟದ ಹೊತ್ತಿಗೆ ಇಟ್ಟುಕೊಳ್ಳಬಹುದು. 'ಬ್ರೇಕ್‌ಫಾಸ್ಟ್' ಎಂಬಲ್ಲಿರುವ 'ಫಾಸ್ಟ್' ವೇಗವೆಂದು ಮಕ್ಕಳು ತಿಳಿಯುತ್ತಾರೆ. ಅದು ಉಪವಾಸ, ರಾತ್ರಿಯಿಡೀ ಇದ್ದ ಉಪವಾಸವನ್ನು ಮುರಿಯುವ ಊಟ. ಶಿವರಾತ್ರಿಯ ಮರುದಿನ ಉಪವಾಸ ಬಿಡುವುದನ್ನು ಕಂಡ ಮಗುವಿಗೆ ಇದು ಒಂದೇ ಮಾತಿನಲ್ಲಿ ತಿಳಿಯುತ್ತದೆ. 'ಶುಗರ್' ಎಂಬುದು ನಮ್ಮ ಶರ್ಕರಾ ಶಬ್ದ ಅರಬರ ನಾಡು ಸುತ್ತಿ ಯುರೋಪಿಗೆ ಹೋದದ್ದು. ಸಕ್ಕರೆಯೂ ಅದರದೇ ಕೂಸು. ಬೆಲ್ಲಕ್ಕೆ ಹೇಳುವ 'ಜ್ಯಾಗರಿ' ಅದೇ ಶಬ್ದ ಪೋರ್ಚುಗೀಸರ ಬಾಯಲ್ಲಿ ಸಿಕ್ಕು ಆದ ಇನ್ನೊಂದು ರೂಪ. 'ಕ್ಯಾಂಡಿ'ಯ ಮೂಲ ಖಂಡ, ಅಂದರೆ ತುಂಡು. ನಮ್ಮ ಅಡಿಕೆಯ ಒಡಹುಟ್ಟಾದ ಮಲೆಯಾಳದ ಅಡಕ್ಕ ಎಂಬುದು ಅದೇ ಪೋರ್ಚುಗೀಸರ ಹಡಗು ಹತ್ತಿ 'ಅರೆಕಾ' ಆಗಿ ಇಳಿಯಿತು. ಪರದೇಶದ್ದೆಂದು ನಾವು ಹೆದರುವ ಶಬ್ದಗಳಲ್ಲಿ ಕೆಲವು ನಮ್ಮ ಅಂಗಳದಿಂದಲೇ ಹೋದವು.

ತಿಂಗಳುಗಳ ಹೆಸರನ್ನು ಮಕ್ಕಳು ಹೇಗೂ ಕಲಿಯಲೇಬೇಕು. ಸೆಪ್ಟೆಂಬರಿನಲ್ಲಿ ಸಪ್ತ, ಅಕ್ಟೋಬರಿನಲ್ಲಿ ಅಷ್ಟ, ನವೆಂಬರಿನಲ್ಲಿ ನವ, ಡಿಸೆಂಬರಿನಲ್ಲಿ ದಶ ಎಂಬ ಧ್ವನಿಗಳು ಅಡಗಿವೆಯೆಂದು ತೋರಿಸಿದರೆ ಅವರ ಕಣ್ಣು ಅರಳುತ್ತದೆ. ಲ್ಯಾಟಿನಿನ ಈ ಸಂಖ್ಯಾಪದಗಳೂ ಸಂಸ್ಕೃತದ ಸಂಖ್ಯಾಪದಗಳೂ ಒಂದೇ ಬೇರಿನವು. ಚುರುಕಾದ ಮಗುವಾದರೆ ಕೂಡಲೇ ಬೆರಳು ಮಡಿಚಿ ಎಣಿಸಿ, ಸೆಪ್ಟೆಂಬರ್ ಒಂಬತ್ತನೆಯದಾಗುತ್ತದಲ್ಲ, ಏಳು ಹೇಗೆ ಎಂದು ಕೇಳುತ್ತದೆ. ಪ್ರಾಚೀನ ರೋಮನ್ನರ ವರುಷ ಒಂದು ಕಾಲಕ್ಕೆ ಮಾರ್ಚಿನಿಂದ ಆರಂಭವಾಗುತ್ತಿತ್ತು, ಅಲ್ಲಿಂದ ಎಣಿಸಿ ನೋಡು ಎಂದು ಹೇಳಬೇಕು. ಹಾಗಾದರೆ ಐದನೆಯ, ಆರನೆಯ ತಿಂಗಳುಗಳ ಹೆಸರಿನಲ್ಲಿ ಐದು, ಆರು ಏಕಿಲ್ಲ ಎಂಬುದು ಮುಂದಿನ ಪ್ರಶ್ನೆ. ಇದ್ದವು: ಅವುಗಳ ಹಳೆಯ ಹೆಸರು ಕ್ವಿಂಟಿಲಿಸ್ ಮತ್ತು ಸೆಕ್ಸ್ಟಿಲಿಸ್. ಜೂಲಿಯಸ್ ಸೀಸರನ ಗೌರವಕ್ಕಾಗಿ ಮೊದಲನೆಯದನ್ನು ಜುಲೈ ಎಂದೂ, ಚಕ್ರವರ್ತಿ ಅಗಸ್ಟಸನ ಗೌರವಕ್ಕಾಗಿ ಎರಡನೆಯದನ್ನು ಆಗಸ್ಟ್ ಎಂದೂ ಬದಲಿಸಿದರು.